‘ಹೋಗಿದ್ದೆ’ ಮತ್ತು ‘ಹ್ಯಾಡ್ ಗಾನ್’: ಒಂದು ಶಾಲಾ ಸಮೀಕರಣದ ವಿಮರ್ಶೆ

ಸಾರಾಂಶ: ಕನ್ನಡದ ಮೂಲಕ ಇಂಗ್ಲಿಷ್ ಕಲಿಸುವ ಶಾಲಾ ವ್ಯಾಕರಣವು ಕನ್ನಡದ ‘-ಇದ್ದ’ ರೂಪವನ್ನು ಇಂಗ್ಲಿಷಿನ ಪೂರ್ಣಭೂತಕ್ಕೆ ಸಮನಾಗಿ ನಿಲ್ಲಿಸುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಆಡುಮಾತಿನ ಆಧಾರದ ಮೇಲೆ ಈ ಸಮೀಕರಣವನ್ನು ಇಲ್ಲಿ ಪರಿಶೀಲಿಸಲಾಗಿದೆ. ಇಂಗ್ಲಿಷಿನ ರೂಪವು ಎರಡು ಭೂತಕಾಲಬಿಂದುಗಳ ಕ್ರಮವನ್ನು ಹೇಳುತ್ತದೆ. ಕನ್ನಡದ ರೂಪವು ಕ್ರಿಯೆಯಿಂದ ಉಂಟಾದ ಸ್ಥಿತಿಯೊಂದು ಭೂತಕಾಲದಲ್ಲಿ ಇತ್ತು ಎಂಬುದನ್ನು ಹೇಳುತ್ತದೆ. ‘ನಿನ್ನೆ ಹಾಸನಕ್ಕೆ ಹೋಗಿದ್ದೆ’ ಎಂಬುದನ್ನು ವಿದ್ಯಾರ್ಥಿಯು ಪೂರ್ಣಭೂತದಲ್ಲಿ ಅನುವಾದಿಸುವುದಕ್ಕೆ ಕಾರಣ ಈ ವ್ಯತ್ಯಾಸದಲ್ಲಿದೆ ಎಂಬುದು ಲೇಖನದ ವಾದ. ಪರ್ಯಾಯವಾಗಿ, ಕನ್ನಡದ ಒಳಗಿನಿಂದಲೇ ರೂಪಿಸಬಹುದಾದ ಮೂರು ಪ್ರಶ್ನೆಗಳ ಪರೀಕ್ಷೆಯೊಂದನ್ನು ಸೂಚಿಸಲಾಗಿದೆ.

ಮುಖ್ಯಪದಗಳು: ಪೂರ್ಣಭೂತ, ‘ಇರು’ ಧಾತು, ಕೃದಂತಾವ್ಯಯ, ವಿಚ್ಛಿನ್ನ ಭೂತ, ದ್ವಿಭಾಷಾ ಬೋಧನೆ

1. ಸಮೀಕರಣ ಮತ್ತು ಅದರ ಸೂತ್ರ

ಇಂಗ್ಲಿಷ್ ಕ್ರಿಯಾಪದದ ಕಾಲಗಳನ್ನು ಕನ್ನಡದಲ್ಲಿ ವಿವರಿಸುವಾಗ ನಮ್ಮ ತರಗತಿಗಳು ಬಹುಕಾಲದಿಂದ ಒಂದು ಪಟ್ಟಿಯನ್ನು ಆಶ್ರಯಿಸಿಕೊಂಡು ಬಂದಿವೆ. ‘ಹೋದೆನು’ ಎಂಬುದಕ್ಕೆ ‘ವೆಂಟ್’, ‘ಹೋಗಿದ್ದೇನೆ’ ಎಂಬುದಕ್ಕೆ ‘ಹ್ಯಾವ್ ಗಾನ್’, ‘ಹೋಗಿದ್ದೆನು’ ಎಂಬುದಕ್ಕೆ ‘ಹ್ಯಾಡ್ ಗಾನ್’. ಈ ಪಟ್ಟಿಯ ಬೆನ್ನಿಗೆ ಒಂದು ಸೂತ್ರವೂ ಇದೆ: ಭೂತಕಾಲದಲ್ಲಿ ಎರಡು ಕ್ರಿಯೆಗಳು ನಡೆದಿದ್ದರೆ ಮೊದಲು ನಡೆದುದಕ್ಕೆ ಪಾಸ್ಟ್ ಪರ್ಫೆಕ್ಟ್, ಅನಂತರ ನಡೆದುದಕ್ಕೆ ಸಿಂಪಲ್ ಪಾಸ್ಟ್. ಸೂತ್ರಕ್ಕೆ ರೈಲುನಿಲ್ದಾಣದ ಉದಾಹರಣೆ ವಾಡಿಕೆಯಾಗಿದೆ: ‘ನಾನು ನಿಲ್ದಾಣ ಸೇರುವ ಮೊದಲೇ ರೈಲು ಹೊರಟುಹೋಗಿತ್ತು’.

ಪಟ್ಟಿಯನ್ನೂ ಸೂತ್ರವನ್ನೂ ಕಂಠಪಾಠ ಮಾಡಿದ ವಿದ್ಯಾರ್ಥಿ ‘ಐ ಹ್ಯಾಡ್ ಗಾನ್ ಟು ಹಾಸನ್ ಯೆಸ್ಟರ್ಡೇ’ ಎಂದು ಬರೆದರೆ ಪರೀಕ್ಷಕರು ಅದನ್ನು ತಪ್ಪೆಂದು ಗುರುತಿಸುತ್ತಾರೆ. ವಿದ್ಯಾರ್ಥಿಯಾದರೋ ಪಟ್ಟಿಯನ್ನು ಅಕ್ಷರಶಃ ಪಾಲಿಸಿದ್ದಾನೆ: ಅವನ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯ ‘ನಿನ್ನೆ ಹಾಸನಕ್ಕೆ ಹೋಗಿದ್ದೆ’ ಎಂಬುದೇ ಆಗಿತ್ತು. ಕಲಿಸಿದ ಸಮೀಕರಣವನ್ನು ಪಾಲಿಸಿದ್ದಕ್ಕಾಗಿಯೇ ಅಂಕ ಕಳೆದುಕೊಳ್ಳುವ ಈ ವಿಪರ್ಯಾಸವನ್ನು ‘ವಿದ್ಯಾರ್ಥಿಯ ಅಜಾಗರೂಕತೆ’ ಎಂಬ ಶೀರ್ಷಿಕೆಯಡಿ ಸೇರಿಸಿ ಮುಂದೆ ಸಾಗುವುದು ಭಾಷಾವಿಜ್ಞಾನಕ್ಕೆ ತಕ್ಕುದಲ್ಲ. ಕಲಿಯುವವರ ತಪ್ಪುಗಳು ಅವರೊಳಗೆ ರೂಪುಗೊಳ್ಳುತ್ತಿರುವ ವ್ಯವಸ್ಥೆಯ ಕುರುಹುಗಳೆಂದು ಪಿಟ್ ಕಾರ್ಡರ್ 1967ರಲ್ಲಿ ವಾದಿಸಿದ್ದರು; ಸೆಲಿಂಕರ್ 1972ರಲ್ಲಿ ಆ ವ್ಯವಸ್ಥೆಗೆ ‘ಅಂತರಭಾಷೆ’ ಎಂಬ ಪರಿಕಲ್ಪನೆಯನ್ನು ಒದಗಿಸಿದರು. ಹಾಗಿದ್ದೂ ಪ್ರಸ್ತುತ ಪ್ರಸಂಗದಲ್ಲಿ ಕುರುಹು ಯಾವುದರದು ಎಂಬ ಪ್ರಶ್ನೆಯನ್ನು ಕನ್ನಡದ ಕಡೆಯಿಂದ ಕೇಳಿದ್ದು ಕಡಮೆ.

ಪ್ರಶ್ನೆಯನ್ನು ಕನ್ನಡದ ಒಂದು ನಿರ್ದಿಷ್ಟ ಪ್ರದೇಶದ ಮಾತಿನಲ್ಲಿಟ್ಟು ನೋಡುವುದು ಈ ಲೇಖನದ ವಿಧಾನ. ಹಾಸನ ಜಿಲ್ಲೆಯ ಮೇಲ್ಕಂಡ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಚನ್ನರಾಯಪಟ್ಟಣವು ಮಂಡ್ಯ ಮತ್ತು ತುಮಕೂರು ಜಿಲ್ಲೆಗಳಿಗೂ, ಹೊಳೆನರಸೀಪುರವು ಮೈಸೂರು ಜಿಲ್ಲೆಗೂ, ಅರಕಲಗೂಡು ಮೈಸೂರು ಮತ್ತು ಕೊಡಗು ಜಿಲ್ಲೆಗಳಿಗೂ ಅಂಚಾಗಿವೆ. ಹಳೆಯ ಮೈಸೂರು ಸೀಮೆಯ ಆಡುಮಾತಿನ ಪ್ರಮುಖ ಲಕ್ಷಣಗಳು ಇಲ್ಲಿ ಕಾಣಸಿಗುತ್ತವೆ. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿದೆ. ಕೆಳಗಿನ ವಾಕ್ಯಗಳು ಈ ಪ್ರದೇಶದ ದಿನಬಳಕೆಯ ಮಾತಿನ ಮಾದರಿಗೆ ಅನುಗುಣವಾಗಿ ರಚಿತವಾದವು. ವಾದವು ಅವುಗಳ ಸ್ವೀಕಾರಾರ್ಹತೆಯ ಮೇಲೆ ನಿಂತಿದೆಯೇ ಹೊರತು ಆವರ್ತನದ ಲೆಕ್ಕದ ಮೇಲಲ್ಲ.

2. ‘ಬಂದ’, ‘ಬಂದವ್ನೆ’, ‘ಬಂದಿದ್ದ’

ಗ್ರಂಥಭಾಷೆಯ ‘ಇದ್ದಾನೆ’ ಎಂಬುದಕ್ಕೆ ಈ ಸೀಮೆಯ ಗ್ರಾಮೀಣ ಮಾತಿನಲ್ಲಿ ‘ಅವ್ನೆ’ ಎಂಬ ರೂಪವಿದೆ. ‘ಇದ್ದಾಳೆ’ಗೆ ‘ಅವ್ಳೆ’, ‘ಇದ್ದಾರೆ’ಗೆ ‘ಅವ್ರೆ’, ‘ಇದೆ’ಗೆ ‘ಐತೆ’. ‘ಮನೇಲಿ ಅವ್ನೆ’ ಎಂಬಲ್ಲಿ ಇದು ಸ್ವತಂತ್ರ ಕ್ರಿಯಾಪದ. ಇದೇ ಪದವು ಭೂತ ಕೃದಂತಾವ್ಯಯದ ಮುಂದೆ ಬಂದು ‘ಬಂದವ್ನೆ’, ‘ಹೋಗವ್ನೆ’, ‘ಬಂದೈತೆ’ ಮುಂತಾದ ರೂಪಗಳನ್ನು ಕೊಡುತ್ತದೆ. ಹೀಗೆ ಪುಲ್ಲಿಂಗ ಏಕವಚನದಲ್ಲಿ ಮೂರು ರೂಪಗಳ ಒಂದು ಗುಂಪು ಸಿದ್ಧವಾಗುತ್ತದೆ:

(1) ಮಾವ ನಿನ್ನೆ ಬಂದ.
(2) ಮಾವ ನಿನ್ನೆ ಬಂದವ್ನೆ.
(3) ಮಾವ ನಿನ್ನೆ ಬಂದಿದ್ದ.

ಮೂರೂ ವಾಕ್ಯಗಳಲ್ಲಿ ‘ನಿನ್ನೆ’ ಎಂಬ ಕಾಲವಾಚಕ ಸಹಜವಾಗಿ ನಿಲ್ಲುತ್ತದೆ. ವ್ಯತ್ಯಾಸವಿರುವುದು ಬಂದ ಮೇಲಿನ ಸ್ಥಿತಿಯಲ್ಲಿ. (1) ಬರುವಿಕೆಯನ್ನು ಘಟನೆಯಾಗಿ ಹೇಳಿ ಅಷ್ಟಕ್ಕೆ ನಿಲ್ಲುತ್ತದೆ. ಕಥನದ ಮುಂದಿನ ಘಟನೆಗೆ ದಾರಿ ಬಿಡುತ್ತದೆ. (2) ಬಂದವನು ಈಗಲೂ ಇಲ್ಲಿದ್ದಾನೆ ಎನ್ನುತ್ತದೆ. (3) ಬಂದವನು ಇಲ್ಲಿದ್ದ, ಈಗ ಇಲ್ಲ ಎಂಬ ಸೂಚನೆ ಕೊಡುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ‘ನಿನ್ನೆ ಬಂದ, ಇನ್ನೂ ಇಲ್ಲೇ ಅವ್ನೆ’ ಎಂಬುದು ಸರಿ. ‘ನಿನ್ನೆ ಬಂದಿದ್ದ, ಇನ್ನೂ ಇಲ್ಲೇ ಅವ್ನೆ’ ಎಂದರೆ ಕೇಳುವವನು ತಡೆದು ನಿಲ್ಲುತ್ತಾನೆ. ಎರಡನೆಯ ಭಾಗ ಮೊದಲನೆಯದನ್ನು ಅಲ್ಲಗಳೆದಂತೆ ತೋರುತ್ತದೆ.

ಗ್ರಂಥಭಾಷೆಯ ‘ಬಂದಿದ್ದಾನೆ’, ‘ಬಂದಿದ್ದನು’ ಎಂಬ ಜೋಡಿಯಲ್ಲಿ ‘ಇದ್ದ್’ ಎಂಬ ಸಮಾನ ಅಂಶವಿರುವುದರಿಂದ ಈ ಸಂಯೋಜನೆ ಅಷ್ಟು ಸ್ಪಷ್ಟವಾಗಿ ಕಾಣದು. ಆಡುಮಾತಿನ ‘ಅವ್ನೆ’ ಮತ್ತು ‘ಇದ್ದ’ ಎಂಬ ಪದಗಳು ರೂಪದಲ್ಲಿ ಬೇರೆಬೇರೆಯಾಗಿದ್ದು, ಎರಡೂ ಸ್ವತಂತ್ರವಾಗಿ ಬಳಕೆಯಲ್ಲಿರುವ ಕಾರಣ, ‘ಬಂದು ಈಗ ಇರುವುದು’ ಮತ್ತು ‘ಬಂದು ಆಗ ಇದ್ದುದು’ ಎಂಬ ಅರ್ಥವಿಭಾಗ ಇಲ್ಲಿ ಮಾತಿನ ಮೇಲ್ಪದರದಲ್ಲೇ ಕಾಣುತ್ತದೆ. ಇಂಗ್ಲಿಷಿನ ‘ಹ್ಯಾಡ್’ ಎಂಬ ಸಹಾಯಕ ಕ್ರಿಯಾಪದದಲ್ಲಿ ‘ಇರುವಿಕೆ’ಯ ಅರ್ಥ ಇಂದಿನ ಮಾತುಗಾರನಿಗೆ ಕೇಳಿಸುವುದಿಲ್ಲ. ಕನ್ನಡದ ‘ಇದ್ದ’ದಲ್ಲಿ ಅದು ಇನ್ನೂ ಜೀವಂತವಾಗಿದೆ. ಸಮೀಕರಣ ಮೊದಲು ಮುಗ್ಗರಿಸುವುದು ಇಲ್ಲಿ.

3. ವ್ಯಾಕರಣಪರಂಪರೆಯ ಮೌನ

ಕನ್ನಡದ ಸ್ವಂತ ವ್ಯಾಕರಣಪರಂಪರೆ ‘ಬಂದಿದ್ದನು’ ಎಂಬುದಕ್ಕೆ ಬೇರೆ ಕಾಲವನ್ನು ಕಲ್ಪಿಸಲಿಲ್ಲ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಆಖ್ಯಾತಪ್ರಕರಣದಲ್ಲಿ ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯತ್ತಿಗೆ ‘ವ’ ಎಂಬ ಮೂರು ಪ್ರತ್ಯಯಗಳನ್ನು ಹೇಳುತ್ತಾನೆ. ಹೊಸಗನ್ನಡದ ಶಾಲಾ ವ್ಯಾಕರಣವು ‘ದಪ’ದ ಸ್ಥಾನದಲ್ಲಿ ‘ಉತ್ತ’ವನ್ನು ತಂದು ಮೂರರ ವಿಭಾಗವನ್ನು ಉಳಿಸಿಕೊಂಡಿದೆ. ಈ ದೃಷ್ಟಿಯಲ್ಲಿ ‘ಬಂದಿದ್ದನು’ ಎಂಬುದು ‘ಬಂದು’ ಎಂಬ ಕೃದಂತಾವ್ಯಯ ಮತ್ತು ‘ಇದ್ದನು’ ಎಂಬ ಭೂತಕಾಲದ ಆಖ್ಯಾತ ಇವುಗಳ ಕೂಡಿಕೆ ಮಾತ್ರ.

ಈ ಮೌನದಲ್ಲಿ ಒಂದು ಸತ್ಯವೂ ಒಂದು ಕೊರತೆಯೂ ಇವೆ. ರೂಪವನ್ನು ಎರಡು ಘಟಕಗಳಾಗಿ ಬಿಡಿಸಿದ್ದು ಸರಿ. ಮೇಲಿನ ಭಾಗದಲ್ಲಿ ಕಂಡಂತೆ ಅರ್ಥವೂ ಆ ಘಟಕಗಳಿಂದಲೇ ಹುಟ್ಟುತ್ತದೆ. ಆದರೆ ಹಾಗೆ ಹುಟ್ಟುವ ಅರ್ಥವೇನು, ಅದು ‘ಬಂದನು’ ಎಂಬುದಕ್ಕಿಂತ ಹೇಗೆ ಬೇರೆ ಎಂಬುದನ್ನು ಪರಂಪರೆ ವಿವರಿಸಲಿಲ್ಲ. ಆ ಖಾಲಿ ಜಾಗವನ್ನು ಇಂಗ್ಲಿಷ್ ಪಾಠದ ಪಟ್ಟಿ ತುಂಬಿತು. ಪರಿಣಾಮವಾಗಿ ಕನ್ನಡದ ವಿದ್ಯಾರ್ಥಿ ತನ್ನ ಭಾಷೆಯ ‘-ಇದ್ದ’ ರೂಪದ ಹೆಸರನ್ನು ಮೊದಲ ಬಾರಿಗೆ ಕೇಳುವುದು ಇಂಗ್ಲಿಷ್ ತರಗತಿಯಲ್ಲಿ, ಇಂಗ್ಲಿಷಿನ ವ್ಯಾಖ್ಯೆಯೊಂದಿಗೆ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಹೇಳಿದಾಗ ಅವರ ಮುಖ್ಯ ಆಕ್ಷೇಪ ಸಂಸ್ಕೃತದ ಚೌಕಟ್ಟಿನ ಬಗ್ಗೆ ಇತ್ತು. ಕಾಲದ ವಿಷಯದಲ್ಲಿ ಎರಡನೆಯ ಎರವಲು ಚೌಕಟ್ಟೊಂದು ಇಂಗ್ಲಿಷಿನಿಂದ ಬಂದು ಅಷ್ಟೇ ಗಟ್ಟಿಯಾಗಿ ಕೂತಿದೆ ಎಂಬುದನ್ನು ಆ ವಿಮರ್ಶೆಗೆ ಸೇರಿಸಬೇಕಾಗಿದೆ.

4. ಎರಡು ರೂಪಗಳ ಅರ್ಥರಚನೆ

ಹಾನ್ಸ್ ರೈಕನ್‌ಬಾಕ್ 1947ರಲ್ಲಿ ಮುಂದಿಟ್ಟ ವಿಶ್ಲೇಷಣೆ ಈಗಲೂ ಚರ್ಚೆಗೆ ಅನುಕೂಲವಾದುದು. ಅದರಲ್ಲಿ ಮೂರು ಬಿಂದುಗಳಿವೆ: ಘಟನಾಕಾಲ, ಉಲ್ಲೇಖಕಾಲ, ಉಕ್ತಿಕಾಲ. ಇಂಗ್ಲಿಷಿನ ಪೂರ್ಣಭೂತದಲ್ಲಿ ಘಟನೆ ಉಲ್ಲೇಖಕಾಲಕ್ಕಿಂತ ಹಿಂದೆ, ಉಲ್ಲೇಖಕಾಲ ಉಕ್ತಿಗಿಂತ ಹಿಂದೆ. ಬರ್ನಾರ್ಡ್ ಕಾಮ್ರಿ 1985ರ ಗ್ರಂಥದಲ್ಲಿ ಇಂಥ ಕಾಲವನ್ನು ನಿರಪೇಕ್ಷ-ಸಾಪೇಕ್ಷ ಕಾಲವೆಂದು ವರ್ಗೀಕರಿಸುತ್ತಾರೆ: ಒಂದು ಬಿಂದು ಉಕ್ತಿಗೆ ಸಾಪೇಕ್ಷ, ಇನ್ನೊಂದು ಬಿಂದು ಆ ಬಿಂದುವಿಗೆ ಸಾಪೇಕ್ಷ. ಆದ್ದರಿಂದ ಇಂಗ್ಲಿಷಿನಲ್ಲಿ ಪೂರ್ಣಭೂತದ ವಾಕ್ಯ ಕೇಳಿದವನು ‘ಯಾವಾಗಿನ ಹೊತ್ತಿಗೆ?’ ಎಂಬ ಪ್ರಶ್ನೆಗೆ ಉತ್ತರವನ್ನು ಸಂದರ್ಭದಿಂದ ಪಡೆಯಲೇಬೇಕು. ಉತ್ತರ ಸಿಗದಿದ್ದರೆ ವಾಕ್ಯ ಅರ್ಧಕ್ಕೆ ನಿಂತಂತಾಗುತ್ತದೆ. ‘ಐ ಹ್ಯಾಡ್ ಗಾನ್ ಟು ಹಾಸನ್ ಯೆಸ್ಟರ್ಡೇ’ ಎಂಬುದರ ತೊಡಕು ಇದೇ. ಕೇಳುವವನು ಮುಂದಿನ ವಾಕ್ಯಕ್ಕಾಗಿ ಕಾಯುತ್ತಾನೆ.

ಕನ್ನಡದ ‘-ಇದ್ದ’ ರೂಪಕ್ಕೆ ಇಂಥ ಪ್ರತ್ಯೇಕ ಆಧಾರಬಿಂದು ಕಡ್ಡಾಯವಲ್ಲ. ಅದರ ಅರ್ಥವನ್ನು ಹೀಗೆ ನಿರೂಪಿಸಬಹುದು: ಕೃದಂತಾವ್ಯಯವು ಹೇಳಿದ ಕ್ರಿಯೆಯಿಂದ ಒಂದು ಸ್ಥಿತಿ ಉಂಟಾಯಿತು, ಆ ಸ್ಥಿತಿ ಉಕ್ತಿಗಿಂತ ಹಿಂದಿನ ಒಂದು ಅವಧಿಯಲ್ಲಿ ಇತ್ತು. ಆ ಅವಧಿ ಯಾವುದೆಂದು ಸಂದರ್ಭ ಹೇಳಿದರೆ ಸರಿ. ಹೇಳದಿದ್ದರೆ ‘ಅಂಥದೊಂದು ಅವಧಿ ಇತ್ತು’ ಎಂಬಷ್ಟೇ ಸಾಕು. ಈ ಒಂದೇ ನಿರೂಪಣೆಯಿಂದ ಮೂರು ಬಳಕೆಗಳು ಹೊರಡುತ್ತವೆ.

ಮೊದಲನೆಯದು, ಅವಧಿಯನ್ನು ಸಂದರ್ಭವೇ ನಿಗದಿಗೊಳಿಸುವ ಬಳಕೆ:

(4) ನಾವು ಹೊಳೆನರಸೀಪುರದ ಸ್ಟೇಷನ್ನಿಗೆ ಬರೋ ಹೊತ್ತಿಗೆ ರೈಲು ಹೋಗಿತ್ತು.

ಇಲ್ಲಿ ಇಂಗ್ಲಿಷಿನ ಪೂರ್ಣಭೂತ ಸರಿಹೊಂದುತ್ತದೆ. ರೈಲಿಲ್ಲದ ಅರಕಲಗೂಡಿನಲ್ಲಿ ಬಸ್ಸೆಂದರೂ ವ್ಯಾಕರಣ ಅದೇ.

ಎರಡನೆಯದು, ಭಂಗಿ ಮತ್ತು ಧಾರಣೆಯ ಕ್ರಿಯಾಪದಗಳೊಡನೆ:

(5) ತಾತ ಜಗಲಿ ಮೇಲೆ ಕುಂತಿದ್ದ.
(6) ಕೈಯಲ್ಲಿ ಚೀಲ ಹಿಡ್ಕಂಡಿದ್ದ.

ಕುಳಿತುಕೊಳ್ಳುವ ಕ್ರಿಯೆಯ ಫಲ ಕುಳಿತಿರುವ ಸ್ಥಿತಿ. ಹಿಡಿದುಕೊಳ್ಳುವ ಕ್ರಿಯೆಯ ಫಲ ಕೈಯಲ್ಲಿ ಹಿಡಿದಿರುವ ಸ್ಥಿತಿ. ಇವುಗಳಿಗೆ ತಕ್ಕ ಇಂಗ್ಲಿಷ್ ‘ವಾಸ್ ಸಿಟಿಂಗ್’, ‘ವಾಸ್ ಹೋಲ್ಡಿಂಗ್’. ಪಟ್ಟಿಯನ್ನು ನಂಬಿ ‘ಹ್ಯಾಡ್ ಸ್ಯಾಟ್’, ‘ಹ್ಯಾಡ್ ಹೆಲ್ಡ್’ ಎಂದರೆ ಅರ್ಥವೇ ಬೇರೆಯಾಗುತ್ತದೆ. ‘ನಿಂತಿದ್ದ’, ‘ಮಲಗಿದ್ದ’, ‘ಉಟ್ಟಿದ್ದಳು’ ಎಂಬವೂ ಈ ವರ್ಗಕ್ಕೆ ಸೇರಿದವು. ಇವು ಅಪರೂಪದ ಕ್ರಿಯಾಪದಗಳಲ್ಲ. ದಿನನಿತ್ಯದ ವರ್ಣನೆ ನಡೆಯುವುದೇ ಇವುಗಳಿಂದ. ಹಾಗಾಗಿ ಇವನ್ನು ಅಪವಾದಗಳೆಂದು ಬದಿಗಿಡುವಂತಿಲ್ಲ.

ಮೂರನೆಯದು, ಉದಾಹರಣೆ (3)ರ ಬಳಕೆ. ಸಂದರ್ಭ ಯಾವ ಅವಧಿಯನ್ನೂ ಕೊಡದಿದ್ದಾಗ, ಸ್ಥಿತಿಯನ್ನು ಭೂತಕಾಲಕ್ಕೆ ಸೇರಿಸಿ ಹೇಳಿದ್ದರಿಂದಲೇ ಅದು ಈಗ ಇಲ್ಲವೆಂಬ ಸೂಚನೆ ಹೊಮ್ಮುತ್ತದೆ. ಇರುವುದಾಗಿದ್ದರೆ ‘ಬಂದವ್ನೆ’ ಎನ್ನಬಹುದಿತ್ತು. ಪ್ಲುಂಗ್ಯಾನ್ ಮತ್ತು ವಾನ್ ಡೆರ್ ಅವೇರಾ 2006ರಲ್ಲಿ ಅನೇಕ ಭಾಷೆಗಳಿಂದ ಸಂಗ್ರಹಿಸಿ ವಿವರಿಸಿದ ‘ವಿಚ್ಛಿನ್ನ ಭೂತ’ದ ಪರಿಕಲ್ಪನೆ ಇಲ್ಲಿ ಉಪಯುಕ್ತ: ವರ್ತಮಾನದೊಂದಿಗೆ ಸಂಬಂಧ ಕಡಿದುಕೊಂಡ ಭೂತ. ‘ಹಾಸನಕ್ಕೆ ಹೋಗಿದ್ದೆ’ ಎಂದವನು ಹೋಗಿ ಮರಳಿದ್ದಾನೆ. ಅವನಿಗೆ ಬೇಕಾದ ಇಂಗ್ಲಿಷ್ ‘ವೆಂಟ್’ ಅಥವಾ ‘ವಾಸ್ ಇನ್ ಹಾಸನ್’.

ಈ ಬಳಕೆ ಕನ್ನಡಕ್ಕೆ ಮಾತ್ರ ವಿಶಿಷ್ಟವಲ್ಲ. ಹಿಂದಿಯ ‘ಗಯಾ ಥಾ’, ಮರಾಠಿಯ ‘ಗೇಲೋ ಹೋತೋ’ ಮುಂತಾದ ರೂಪಗಳೂ ‘ಇರು’ವಿಕೆಯ ಕ್ರಿಯಾಪದದ ಭೂತರೂಪದಿಂದಲೇ ರಚಿತವಾಗಿ, ಎರಡನೆಯ ಘಟನೆಯ ಆಸರೆಯಿಲ್ಲದೆಯೇ ಬರುತ್ತವೆ. ಭಾರತೀಯ ಇಂಗ್ಲಿಷಿನ ವಿವರಣೆಗಳಲ್ಲಿ ಪೂರ್ಣಭೂತದ ‘ಅತಿಬಳಕೆ’ ಉತ್ತರದಿಂದ ದಕ್ಷಿಣದವರೆಗೆ ಪ್ರಸ್ತಾಪವಾಗುವುದಕ್ಕೆ ಇದು ಒಂದು ಕಾರಣವಾಗಿರುವ ಸಂಭವವಿದೆ.

5. ಎರಡು ಆಕ್ಷೇಪಗಳು

ಮೇಲಿನ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ: ‘ನಾನು ಆವತ್ತೇ ಹೇಳಿದ್ದೆ’, ‘ಆ ಪುಸ್ತಕ ಹೋದ ವರ್ಷ ಓದಿದ್ದೆ’ ಎಂಬಲ್ಲಿ ರದ್ದಾದ ಸ್ಥಿತಿ ಯಾವುದು? ಹೇಳಿದ ಮಾತು ಹಿಂದಕ್ಕೆ ಹೋಗುವುದಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ. ಇಂಥ ವಾಕ್ಯಗಳಲ್ಲಿ ಘಟನೆಯನ್ನು ಈಗಿನ ಮಾತಿಗೆ ಹಿನ್ನೆಲೆಯಾಗಿ ಸ್ಮರಿಸಲಾಗುತ್ತದೆ: ಹೇಳಿದ್ದನ್ನು ನೀನು ಕೇಳಲಿಲ್ಲ, ಓದಿದ್ದು ಈಗ ನೆನಪಿನಲ್ಲಿಲ್ಲ ಅಥವಾ ಈಗ ಮತ್ತೆ ಓದುತ್ತಿದ್ದೇನೆ. ‘ಕಳೆದ ತಿಂಗಳು ಗಾಯಗೊಂಡಿದ್ದ ವ್ಯಕ್ತಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದರು’ ಎಂಬಂಥ ಪತ್ರಿಕಾವಾಕ್ಯವೂ ಇಂದಿನ ಸುದ್ದಿಗೆ ಹಿನ್ನೆಲೆಯೇ. ಹೀಗಾಗಿ ‘ಸ್ಥಿತಿ ಈಗಿಲ್ಲ’ ಎಂಬುದು ರೂಪದ ಸ್ಥಿರ ಅರ್ಥವಲ್ಲ, ಸಂದರ್ಭದಲ್ಲಿ ಹುಟ್ಟುವ ಸೂಚನೆ ಎಂದು ಒಪ್ಪಬೇಕು. ಸ್ಥಿರವಾದುದು ಇಷ್ಟು: ಘಟನೆಯೂ ಅದರ ಫಲವೂ ಈಗಿನ ಚೌಕಟ್ಟಿನ ಹೊರಗೆ, ಹಿಂದಿನ ಚೌಕಟ್ಟೊಂದರಲ್ಲಿ ಇವೆ.

ಹಿಂದಿರುಗಲಾಗದ ಫಲವುಳ್ಳ ಕ್ರಿಯಾಪದಗಳು ಈ ನಿರೂಪಣೆಯನ್ನು ಬೆಂಬಲಿಸುತ್ತವೆ. ಯಾವ ಹಿನ್ನೆಲೆಯೂ ಇಲ್ಲದೆ ‘ತಾತ ಹೋದ ವರ್ಷ ತೀರಿಕೊಂಡರು’ ಎನ್ನಬಹುದು. ‘ತಾತ ಹೋದ ವರ್ಷ ತೀರಿಕೊಂಡಿದ್ದರು’ ಎಂದರೆ ‘ಆಮೇಲೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸಾವಿನಿಂದುಂಟಾದ ಸ್ಥಿತಿ ಮುಗಿಯುವಂಥದಲ್ಲವಾದ್ದರಿಂದ ವಿಚ್ಛಿನ್ನತೆಯ ಓದು ಇಲ್ಲಿ ಲಭ್ಯವಿಲ್ಲ. ಹಿನ್ನೆಲೆಯ ಓದು ಮಾತ್ರ ಉಳಿಯುತ್ತದೆ, ಅದಕ್ಕೆ ಮುನ್ನೆಲೆ ಬೇಕು. ಹೋಗು, ಬಾ, ಕಳಿಸು, ತೆಗೆ ಮುಂತಾದ ಮರಳಿಸಬಹುದಾದ ಫಲವುಳ್ಳ ಕ್ರಿಯಾಪದಗಳಿಗೆ ಈ ನಿರ್ಬಂಧವಿಲ್ಲ.

ಇಲ್ಲಿಂದ ಸಂಶೋಧನಾರ್ಥಿಗಳು ಪರೀಕ್ಷಿಸಬಹುದಾದ ಒಂದು ಊಹೆ ಹೊರಡುತ್ತದೆ. ವಿದ್ಯಾರ್ಥಿಯ ಪೂರ್ಣಭೂತ ಬರಿಯ ಸೂತ್ರಗೊಂದಲದಿಂದ ಹುಟ್ಟಿದ್ದರೆ ಅದು ಎಲ್ಲ ಕ್ರಿಯಾಪದಗಳಲ್ಲೂ ಸರಿಸುಮಾರು ಸಮನಾಗಿ ಹರಡಿರಬೇಕು. ಕನ್ನಡದ ಅರ್ಥವ್ಯವಸ್ಥೆಯಿಂದ ಹುಟ್ಟಿದ್ದರೆ ಮರಳಿಸಬಹುದಾದ ಫಲದ ಕ್ರಿಯಾಪದಗಳಲ್ಲಿ ಹೆಚ್ಚಾಗಿ, ಸಾಯು, ಸುಟ್ಟುಹೋಗು, ಒಡೆ ಮುಂತಾದವುಗಳಲ್ಲಿ ಕಡಮೆಯಾಗಿ ಕಾಣಬೇಕು. ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳ ಲಿಖಿತ ಇಂಗ್ಲಿಷ್ ಇದಕ್ಕೆ ಸಾಕಷ್ಟು ಸಾಮಗ್ರಿ ಒದಗಿಸಬಲ್ಲದು.

ಎರಡನೆಯ ಆಕ್ಷೇಪ ಬೋಧಕರ ಕಡೆಯಿಂದ ಬರಬಹುದು: ಕಾರಣ ಏನೇ ಇರಲಿ, ‘ಯೆಸ್ಟರ್ಡೇ ಇದ್ದರೆ ಸಿಂಪಲ್ ಪಾಸ್ಟ್’ ಎಂಬ ಸೂಚನೆ ಕೊಟ್ಟರೆ ಕೆಲಸ ಮುಗಿಯುವುದಿಲ್ಲವೇ? ಮುಗಿಯುವುದಿಲ್ಲ. ನಿರ್ದಿಷ್ಟ ಭೂತಕಾಲವಾಚಕವನ್ನು ಇಂಗ್ಲಿಷ್ ನಿರಾಕರಿಸುವುದು ಮುಖ್ಯವಾಗಿ ‘ಹ್ಯಾವ್ ಗಾನ್’ ಮಾದರಿಯಲ್ಲಿ. ‘ಹ್ಯಾಡ್ ಗಾನ್’ ಮಾದರಿಯಲ್ಲಿ ಅದಕ್ಕೆ ಅವಕಾಶವಿದೆ: ‘ಹೀ ಹ್ಯಾಡ್ ಲೆಫ್ಟ್ ಅಟ್ ಸಿಕ್ಸ್’ ಎಂಬಲ್ಲಿ ಆರು ಗಂಟೆ ಹೊರಟ ಸಮಯವೂ ಆಗಬಹುದು, ಹೊರಟುಹೋಗಿದ್ದಾನೆಂದು ತಿಳಿದ ಸಮಯವೂ ಆಗಬಹುದು. ಒಂದು ರೂಪದ ನಿರ್ಬಂಧವನ್ನು ಇನ್ನೊಂದು ರೂಪಕ್ಕೆ ಹೇರಿದರೆ ವಿದ್ಯಾರ್ಥಿಗೆ ಎರಡೂ ದಕ್ಕುವುದಿಲ್ಲ.

6. ಉದಾಹರಣೆಯ ಆಯ್ಕೆ

ಸೂತ್ರದ ಜೊತೆಗೆ ಅದರ ಉದಾಹರಣೆಯನ್ನೂ ವಿಮರ್ಶಿಸಬೇಕು. ‘ಬಿಫೋರ್’ ಅಥವಾ ‘ಆಫ್ಟರ್’ ಇರುವ ವಾಕ್ಯದಲ್ಲಿ ಘಟನೆಗಳ ಕ್ರಮವನ್ನು ಆ ಪದವೇ ಹೇಳಿಬಿಡುತ್ತದೆ. ಅಲ್ಲಿ ಸಿಂಪಲ್ ಪಾಸ್ಟ್ ಬಳಸಿದರೂ ಇಂಗ್ಲಿಷ್ ಬಹುಮಟ್ಟಿಗೆ ಸಮ್ಮತಿಸುತ್ತದೆ. ಅಂದರೆ ಪೂರ್ಣಭೂತ ಐಚ್ಛಿಕವಾಗಿರುವ ಸಂದರ್ಭವನ್ನೇ ಆರಿಸಿ ಅದನ್ನು ಕಡ್ಡಾಯವೆಂಬಂತೆ ಕಲಿಸಲಾಗುತ್ತಿದೆ. ರೂಪದ ನಿಜವಾದ ಕೆಲಸ ಕಾಣುವುದು ‘ವೆನ್’ ಇರುವ ಜೋಡಿಯಲ್ಲಿ. ಆ ಜೋಡಿಗೆ ಕನ್ನಡದಲ್ಲಿ ಸರಿಸಾಟಿ ಇದೆ:

(7) ನಾನು ಬಂದಾಗ ಬಸ್ಸು ಹೊರಟಿತು.
(8) ನಾನು ಬಂದಾಗ ಬಸ್ಸು ಹೊರಟಿತ್ತು.

(7)ರಲ್ಲಿ ನನಗೆ ಬಸ್ಸು ಕಂಡಿತು, (8)ರಲ್ಲಿ ಕಾಣಲಿಲ್ಲ. ಇಂಗ್ಲಿಷಿನಲ್ಲಿ ‘ಲೆಫ್ಟ್’ ಮತ್ತು ‘ಹ್ಯಾಡ್ ಲೆಫ್ಟ್’ ಎಂಬ ವ್ಯತ್ಯಾಸ ಇದೇ. ಲಿಖಿತ ಕನ್ನಡದಲ್ಲಿ ಇಡೀ ವ್ಯತ್ಯಾಸ ‘ತು’ ಮತ್ತು ‘ತ್ತು’ ಎಂಬ ಒಂದು ಒತ್ತಿನ ಮೇಲೆ ನಿಂತಿದೆ. ‘ಬಂದಿತು’, ‘ಬಂದಿತ್ತು’ ಎಂಬ ಜೋಡಿಯೂ ಹಾಗೆಯೇ. ಬರವಣಿಗೆಯಲ್ಲಿ ಒತ್ತು ತಪ್ಪಿದರೆ ಕಾಲಾರ್ಥವೇ ಬದಲಾಗುವ ಈ ಎಡೆಯನ್ನು ಕನ್ನಡ ತರಗತಿ ಕಾಗುಣಿತದ ವಿಷಯವಾಗಿಯೂ ಇಂಗ್ಲಿಷ್ ತರಗತಿ ಕಾಲದ ವಿಷಯವಾಗಿಯೂ ಬೇರೆಬೇರೆ ನೋಡುತ್ತವೆ. ಒಟ್ಟಿಗೆ ನೋಡಿದರೆ ವಿದ್ಯಾರ್ಥಿ ತನಗೆ ಈಗಾಗಲೇ ತಿಳಿದಿರುವ ಭೇದವನ್ನು ಗುರುತಿಸಿಕೊಳ್ಳುತ್ತಾನೆ.

ಇನ್ನೂ ಭದ್ರವಾದ ಸೇತುವೆ ಅವಾಸ್ತವ ಷರತ್ತಿನ ವಾಕ್ಯ. ‘ಮಳೆ ಬಂದರೆ ಆಲೂಗಡ್ಡೆ ಚೆನ್ನಾಗಿ ಆಗುತ್ತದೆ’ ಎಂಬುದು ತೆರೆದ ಷರತ್ತು. ‘ಮಳೆ ಬಂದಿದ್ದರೆ ಆಲೂಗಡ್ಡೆ ಚೆನ್ನಾಗಿ ಆಗುತ್ತಿತ್ತು’ ಎಂಬುದು ನಡೆಯದೆ ಹೋದುದರ ಮಾತು. ಇಂಗ್ಲಿಷಿನಲ್ಲೂ ಅವಾಸ್ತವ ಭೂತಕ್ಕೆ ‘ಇಫ್ ಇಟ್ ಹ್ಯಾಡ್ ರೇನ್ಡ್’ ಎಂಬ ಪೂರ್ಣಭೂತವೇ ಬೇಕು. ವರ್ತಮಾನದಿಂದ ಕಡಿದುಕೊಂಡ ಭೂತವನ್ನು ಹೇಳುವ ರೂಪ ವಾಸ್ತವದಿಂದಲೂ ಕಡಿದುಕೊಂಡುದನ್ನು ಹೇಳಲು ಒದಗುವುದು ಎರಡೂ ಭಾಷೆಗಳಿಗೆ ಸಮಾನ. ‘ಅವನು ಬಂದಿದ್ದರೆ ಕರೆ’ ಎಂಬಲ್ಲಿ ‘ಬಂದಿದ್ದರೆ’ ತೆರೆದ ಷರತ್ತೂ ಆಗಬಲ್ಲದು, ನಿರ್ಣಯ ಪ್ರಧಾನ ಕ್ರಿಯಾಪದದ್ದು ಎಂಬ ಎಚ್ಚರಿಕೆಯೊಂದಿಗೆ ಈ ಹೋಲಿಕೆಯನ್ನು ಧೈರ್ಯವಾಗಿ ಬಳಸಬಹುದು. ಹಾಗಿದ್ದೂ ಷರತ್ತಿನ ವಾಕ್ಯಗಳನ್ನು ಬೇರೆ ಪಾಠಕ್ಕೆ ಮುಂದೂಡಿ, ಹೋಲಿಕೆ ದುರ್ಬಲವಾಗಿರುವ ಕಡೆಯಿಂದ ಪೂರ್ಣಭೂತವನ್ನು ಆರಂಭಿಸುವುದು ರೂಢಿಯಾಗಿದೆ.

7. ಮೂರು ಪ್ರಶ್ನೆಗಳು

ರಾಬರ್ಟ್ ಲಾಡೊ 1957ರಲ್ಲಿ ಪ್ರತಿಪಾದಿಸಿದ ವ್ಯತಿರೇಕಾತ್ಮಕ ವಿಶ್ಲೇಷಣೆಯ ವಿರುದ್ಧ ಬಂದ ಟೀಕೆಗಳು ಪರಿಚಿತ. ಎಲ್ಲ ತಪ್ಪುಗಳೂ ಮಾತೃಭಾಷೆಯಿಂದ ಬರುವುದಿಲ್ಲ. ಆದರೆ ಮಾತೃಭಾಷೆಯ ಹೋಲಿಕೆಯ ಮೂಲಕವೇ ಕಲಿಸುವ ಕಡೆ ಆ ಹೋಲಿಕೆ ಸರಿಯಾಗಿರಬೇಕೆಂಬ ಬೇಡಿಕೆ ಆ ಟೀಕೆಗಳಿಂದ ದುರ್ಬಲವಾಗುವುದಿಲ್ಲ. ಆದ್ದರಿಂದ ಪಟ್ಟಿಯ ಬದಲಿಗೆ, ‘-ಇದ್ದ’ ವಾಕ್ಯವನ್ನು ಇಂಗ್ಲಿಷಿಗೆ ತರುವ ಮೊದಲು ಕನ್ನಡದಲ್ಲೇ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳನ್ನು ಸೂಚಿಸಬಹುದು.

ಒಂದು: ವಾಕ್ಯಕ್ಕೆ ‘ಅಷ್ಟೊತ್ತಿಗೆ’ ಎಂಬ ಪದವನ್ನು ಸೇರಿಸಬಹುದೇ? ‘ಅಷ್ಟೊತ್ತಿಗೆ ರೈಲು ಹೋಗಿತ್ತು’ ಎಂಬುದು ಸಂದರ್ಭಕ್ಕೆ ಒಗ್ಗಿದರೆ ಇಂಗ್ಲಿಷ್ ಪೂರ್ಣಭೂತ. ಎರಡು: ವಾಕ್ಯ ‘ಹೇಗಿದ್ದ?’ ಎಂಬ ಪ್ರಶ್ನೆಗೆ ಉತ್ತರವೇ? ‘ಕುಂತಿದ್ದ’, ‘ಚೀಲ ಹಿಡ್ಕಂಡಿದ್ದ’ ಎಂದರೆ ‘ವಾಸ್’ ಸಹಿತವಾದ ರೂಪ. ಮೂರು: ವಾಕ್ಯ ‘ಯಾವಾಗ?’ ಅಥವಾ ‘ಎಲ್ಲಿಗೆ?’ ಎಂಬುದಕ್ಕೆ ಉತ್ತರವಾಗಿ, ಹೋಗಿಬಂದುದನ್ನು ಹೇಳುತ್ತಿದೆಯೇ? ಹಾಗಿದ್ದರೆ ಸಿಂಪಲ್ ಪಾಸ್ಟ್. ನಿಷೇಧರೂಪಕ್ಕೂ ಪ್ರಶ್ನೆಗಳು ಅನ್ವಯಿಸುತ್ತವೆ. ‘ನಿನ್ನೆ ಯಾಕೆ ಬಂದಿರಲಿಲ್ಲ?’ ಎಂಬ ಮೇಷ್ಟರ ಪ್ರಶ್ನೆಗೆ ‘ಅಷ್ಟೊತ್ತಿಗೆ’ ಒಗ್ಗುವುದಿಲ್ಲ. ಅದರ ಇಂಗ್ಲಿಷ್ ‘ಹ್ಯಾಡ್ ನಾಟ್ ಕಮ್’ ಆಗಲಾರದು, ‘ಡಿಡ್ ನಾಟ್ ಕಮ್’ ಆಗುತ್ತದೆ. ‘ಎಂಟು ಗಂಟೆಯಾದರೂ ಬಸ್ಸು ಬಂದಿರಲಿಲ್ಲ’ ಎಂಬಲ್ಲಿ ‘ಅಷ್ಟೊತ್ತಿಗೆ’ ಒಗ್ಗುತ್ತದೆ. ಅಲ್ಲಿ ‘ಹ್ಯಾಡ್ ನಾಟ್ ಕಮ್’ ಸರಿ.

ಪರೀಕ್ಷೆಗೆ ಮಿತಿಯೂ ಇದೆ. ದೀರ್ಘ ಕಥನದಲ್ಲಿ ಹಿಂದಿನ ಕಥೆಗೆ ಜಿಗಿಯುವಾಗ ಕನ್ನಡ ಲೇಖಕರು ಮೊದಲ ಒಂದೆರಡು ವಾಕ್ಯಗಳನ್ನು ‘-ಇದ್ದ’ ರೂಪದಲ್ಲಿಟ್ಟು, ಅನಂತರ ಕೃದಂತಾವ್ಯಯಗಳ ಸರಣಿಗೂ ಸರಳ ಭೂತಕ್ಕೂ ಇಳಿಯುವುದುಂಟು. ಇಂಗ್ಲಿಷ್ ಕಥನದಲ್ಲೂ ಪೂರ್ಣಭೂತದ ನಡೆ ಹೆಚ್ಚುಕಡಮೆ ಹೀಗೆಯೇ. ಅಲ್ಲಿ ನಿರ್ಣಯ ಒಂದು ವಾಕ್ಯದ್ದಲ್ಲ, ಇಡೀ ಖಂಡದ್ದು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ದೀಪಾ ಭಾಸ್ತಿ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆದ ಮೇಲೆ ಕನ್ನಡ ಗದ್ಯ ಇಂಗ್ಲಿಷಿಗೆ ಹೋಗುವ ದಾರಿಯ ಬಗ್ಗೆ ಆಸಕ್ತಿ ಹೆಚ್ಚಿದೆ. ಕನ್ನಡದಿಂದ ಅನುವಾದಿಸುವವರು ಪ್ರತಿ ‘-ಇದ್ದ’ದ ಮುಂದೆ ಮಾಡುವ ಆಯ್ಕೆಗಳ ಅಧ್ಯಯನ, ಶಾಲಾ ಬರಹಗಳ ಅಧ್ಯಯನಕ್ಕೆ ಉತ್ತಮ ಪೂರಕವಾಗಬಲ್ಲದು.

8. ಉಪಸಂಹಾರ

ಶಂಕರ ಭಟ್ಟರು 1999ರ ತಮ್ಮ ಪ್ರಕಾರವೈಜ್ಞಾನಿಕ ಗ್ರಂಥದಲ್ಲಿ ಕನ್ನಡವನ್ನು ಕಾಲಪ್ರಧಾನ ಭಾಷೆಗಳ ಸಾಲಿನಲ್ಲಿಡುತ್ತಾರೆ. ಇಲ್ಲಿ ಪರಿಶೀಲಿಸಿದ ಸಾಮಗ್ರಿ ಆ ವರ್ಗೀಕರಣವನ್ನು ಅಲುಗಿಸುವುದಿಲ್ಲ. ಕಾಲದ ಹೊರೆಯನ್ನು ‘ಇದ್ದ’ ಎಂಬ ಆಖ್ಯಾತವೇ ಹೊತ್ತಿದೆ. ಆದರೆ ಕಾಲಪ್ರಧಾನತೆ ಎಂದರೆ ಇಂಗ್ಲಿಷಿನ ಕಾಲಗಳೇ ಕನ್ನಡದಲ್ಲೂ ಇರುವುದು ಎಂದರ್ಥವಲ್ಲ. ‘-ಇದ್ದ’ ರೂಪವನ್ನು ‘ಪೂರ್ಣಭೂತ’ವೆಂದು ಕರೆಯುವುದನ್ನು ಮುಂದುವರಿಸುವುದಾದರೆ ಅದು ರೂಪದ ಹೆಸರಾಗಿ ಮಾತ್ರ ಉಳಿಯಬೇಕು, ಅರ್ಥದ ವಿವರಣೆಯಾಗಬಾರದು. ಕನ್ನಡ ವ್ಯಾಕರಣದ ಪಠ್ಯದಲ್ಲಿ ‘ಬಂದ’, ‘ಬಂದಿದ್ದಾನೆ’, ‘ಬಂದಿದ್ದ’ ಎಂಬ ಮೂರರ ಭೇದಕ್ಕೆ ಒಂದು ಪುಟವಾದರೂ ಮೀಸಲಾಗಬೇಕು. ಅದು ಇಂಗ್ಲಿಷ್ ತರಗತಿಗಿಂತ ಮೊದಲು ಬರಬೇಕು.

ಮೌಲ್ಯಮಾಪನದಲ್ಲಿಯೂ ಒಂದು ತಿದ್ದುಪಡಿ ಅಗತ್ಯ. ‘ಹ್ಯಾಡ್ ಗಾನ್ ಯೆಸ್ಟರ್ಡೇ’ ಎಂದು ಬರೆದ ಉತ್ತರವನ್ನು ಇಂಗ್ಲಿಷಿನ ದೃಷ್ಟಿಯಿಂದ ತಿದ್ದಲೇಬೇಕು. ತಿದ್ದುವಾಗ ಕೊಡುವ ಕಾರಣ ಮಾತ್ರ ಬದಲಾಗಬೇಕು. ವಿದ್ಯಾರ್ಥಿಗೆ ಘಟನೆಗಳ ಕ್ರಮ ತಿಳಿದಿದೆ. ಹೋಗಿಬಂದುದಕ್ಕೂ ಹೋಗಿರುವುದಕ್ಕೂ ಇರುವ ಭೇದವೂ ತಿಳಿದಿದೆ. ಆ ಭೇದವನ್ನು ಇಂಗ್ಲಿಷ್ ‘ಹ್ಯಾಡ್’ನಿಂದ ಹೇಳುವುದಿಲ್ಲ ಎಂಬುದೊಂದೇ ಅವನಿಗೆ ಹೊಸದು, ಕಲಿಸಬೇಕಾದದ್ದೂ ಅದೊಂದೇ.